ಕಿರುಗಣಕಕ್ಕೆ ಯಾವ ಭಾಷೆ?

ಬಟ್ಟೆ ಒಗೆಯುವ ಯಂತ್ರವು ನೀರು ಸಾಕಾದೊಡನೆ ತಾನಾಗಿಯೇ ನಲ್ಲಿಯನ್ನು ಮುಚ್ಚಿಕೊಳ್ಳುತ್ತದೆ. ಅಂಗಡಿಯ ವಿದ್ಯುನ್ಮಾನ ತಕ್ಕಡಿಯು ತೂಕವನ್ನು ಅಳೆದು, ಬೆಲೆಯನ್ನೂ ಲೆಕ್ಕಹಾಕಿ ತೋರಿಸುತ್ತದೆ. ಲಿಫ್ಟು ಕರೆದ ಅಂತಸ್ತಿಗೇ ಬಂದು ಬಾಗಿಲು ತೆರೆಯುತ್ತದೆ. ಜಡವಾದ ಈ ಯಂತ್ರಗಳಿಗೆ ಇಂಥ ವಿವೇಕವನ್ನು ಒದಗಿಸಿರುವುದು ಅವುಗಳ ಒಡಲಲ್ಲಿ ಅಡಗಿ ಕುಳಿತಿರುವ ಒಂದು ಪುಟ್ಟ ಸಾಧನ. ಅದರ ಹೆಸರು ಮೈಕ್ರೋಕಂಟ್ರೋಲರ್. ಕಿರುಗಣಕವೆಂದು ಕರೆದರೂ ಸಲ್ಲುತ್ತದೆ.

ಒಂದು ಕಾಲದಲ್ಲಿ ಕಾರ್ಖಾನೆಗಳ ಎಂಜಿನಿಯರುಗಳ ಸೊತ್ತಾಗಿದ್ದ ಈ ಸಾಧನ ಈಗ ಹವ್ಯಾಸಿಗಳ ಕೈಗೂ ಎಟುಕಿದೆ. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಕೆಲವು ನೂರು ರೂಪಾಯಿ ಕೊಟ್ಟರೆ, ಕಿರುಗಣಕವನ್ನು ಕೂರಿಸಿದ ಹಲಗೆಯೊಂದು ದೊರೆಯುತ್ತದೆ. ಆದರೆ ಹಲಗೆಯನ್ನು ಮನೆಗೆ ತಂದ ದಿನವೇ ಹೊಸಬನಿಗೆ ಒಂದು ಗೊಂದಲ ಎದುರಾಗುತ್ತದೆ. ಇದಕ್ಕೆ ಆಜ್ಞೆಗಳನ್ನು ಯಾವ ಭಾಷೆಯಲ್ಲಿ ಬರೆಯಬೇಕು? ಒಬ್ಬರು ಸಿ ಎನ್ನುತ್ತಾರೆ, ಇನ್ನೊಬ್ಬರು ಪೈಥಾನ್ ಎನ್ನುತ್ತಾರೆ. ಅಸೆಂಬ್ಲಿ ಭಾಷೆಯನ್ನು ಕಲಿಯದವನಿಗೆ ಚಿಪ್ಪಿನ ಮರ್ಮವೇ ತಿಳಿಯದೆನ್ನುವ ಹಿರಿಯರೂ ಉಂಟು. ಈ ವಾದಗಳ ನಡುವೆ ಸಿಲುಕಿ, ಒಂದು ದೀಪವನ್ನೂ ಹೊತ್ತಿಸದೆ ಹಲಗೆಯನ್ನು ಕಪಾಟಿಗೆ ಸೇರಿಸಿದವರು ಕಡಿಮೆಯೇನಲ್ಲ.

ಯಾವ ಭಾಷೆ ಶ್ರೇಷ್ಠವೆಂಬುದು ಇಲ್ಲಿ ಕೇಳತಕ್ಕ ಪ್ರಶ್ನೆಯಲ್ಲ. ಕೇಳಬೇಕಾದ ಪ್ರಶ್ನೆಗಳು ಮೂರು. ಆ ಭಾಷೆ ಈ ಚಿಪ್ಪಿನಲ್ಲಿ ಹಿಡಿಸುತ್ತದೆಯೆ? ಕೆಲಸಕ್ಕೆ ಬೇಕಾದ ವೇಗ ಅದರಿಂದ ಒದಗುತ್ತದೆಯೆ? ನಾವು ಮಾಡುವ ತಪ್ಪನ್ನು ಅದು ನಮಗೆ ಯಾವಾಗ ತೋರಿಸುತ್ತದೆ? ಮೂರನೆಯ ಪ್ರಶ್ನೆಯನ್ನು ಹೊಸಬರು ಸಾಮಾನ್ಯವಾಗಿ ಕೇಳುವುದೇ ಇಲ್ಲ; ಆದರೆ ಅತ್ಯಂತ ಮುಖ್ಯವಾದುದು ಅದೇ.

ಒಡಲು ಎಷ್ಟು ದೊಡ್ಡದು?

ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯು 1974ರಲ್ಲಿ ಮಾರಾಟಕ್ಕೆ ಬಿಟ್ಟ ಟಿಎಂಎಸ್1000 ಎಂಬುದು ಈ ಕುಲದ ಹಿರಿಯ. ಗಣಿಸುವ ಅಂಗ, ಆಜ್ಞೆಗಳನ್ನು ಇರಿಸುವ ಕಾಯಂ ಸ್ಮೃತಿ, ಲೆಕ್ಕದ ನಡುವೆ ಅಂಕಿಗಳನ್ನು ಇರಿಸಿಕೊಳ್ಳುವ ತಾತ್ಕಾಲಿಕ ಸ್ಮೃತಿ, ಹೊರಗಿನ ತಂತಿಗಳನ್ನು ಮುಟ್ಟುವ ದ್ವಾರಗಳು ಇವೆಲ್ಲವೂ ಒಂದೇ ಚಿಪ್ಪಿನಲ್ಲಿ ನೆಲಸಿದ್ದುದೇ ಅದರ ವೈಶಿಷ್ಟ್ಯ. ಮೇಜಿನ ಮೇಲಿನ ಗಣಕಯಂತ್ರದಲ್ಲಿ ಇವು ಬೇರೆ ಬೇರೆ ಭಾಗಗಳಾಗಿರುತ್ತವೆ. ಸ್ಮೃತಿ ಸಾಲದಾದರೆ ಹೆಚ್ಚಿಸಿಕೊಳ್ಳಲೂಬಹುದು. ಕಿರುಗಣಕದಲ್ಲಿಯಾದರೋ ಚಿಪ್ಪಿನಲ್ಲಿ ಎಷ್ಟು ಇದೆಯೋ ಅಷ್ಟೆ.

ಇಂದು ಹೊಸಬರ ನಡುವೆ ಹೆಚ್ಚು ಪ್ರಚಾರದಲ್ಲಿರುವ ಹಲಗೆಗಳಲ್ಲಿ ಎರಡನ್ನು ಹೋಲಿಸಿ ನೋಡೋಣ. ಮೊದಲನೆಯದು ಆರ್ಡುಯಿನೋ ಊನೋ. ಆರ್ಡುಯಿನೋ 2005ರಲ್ಲಿ ಇಟಲಿಯ ಇವ್ರಿಯಾ ಪಟ್ಟಣದ ವಿನ್ಯಾಸ ಶಾಲೆಯೊಂದರಲ್ಲಿ, ವಿದ್ಯುನ್ಮಾನವನ್ನು ಓದದ ವಿದ್ಯಾರ್ಥಿಗಳಿಗೂ ಒದಗಲೆಂದು ರೂಪುಗೊಂಡಿತು. ಊನೋ ಹಲಗೆಯ ಮೂರನೆಯ ಆವೃತ್ತಿಯಲ್ಲಿರುವ ಅಟ್‌ಮೆಗಾ328ಪಿ ಚಿಪ್ಪಿಗೆ 32 ಕಿಲೋಬೈಟಿನಷ್ಟು ಕಾಯಂ ಸ್ಮೃತಿಯೂ 2 ಕಿಲೋಬೈಟಿನಷ್ಟು ತಾತ್ಕಾಲಿಕ ಸ್ಮೃತಿಯೂ ಉಂಟು. ಎರಡನೆಯದು 2021ರಲ್ಲಿ ಇಂಗ್ಲೆಂಡಿನಿಂದ ಬಂದ ರಾಸ್ಪ್‌ಬೆರಿ ಪೈ ಪೀಕೋ. ಇದರ ಕಾಯಂ ಸ್ಮೃತಿ 2 ಮೆಗಾಬೈಟು, ತಾತ್ಕಾಲಿಕ ಸ್ಮೃತಿ 264 ಕಿಲೋಬೈಟು. ಎರಡು ಹಲಗೆಗಳೂ ಅಂಗೈಗಿಂತ ಚಿಕ್ಕವು, ಬೆಲೆಯಲ್ಲಿಯೂ ಅಜಗಜಾಂತರವಿಲ್ಲ. ಆದರೆ ಒಡಲಿನ ಅಳತೆಯಲ್ಲಿ ಇವು ಕೊಡಕ್ಕೂ ಕೊಳಕ್ಕೂ ಇರುವಷ್ಟು ಬೇರೆ. ಈ ವ್ಯತ್ಯಾಸ ಏಕೆ ಮುಖ್ಯವೆಂಬುದು ಭಾಷೆಯ ಬಗೆಯನ್ನು ತಿಳಿದ ಮೇಲೆ ಸ್ಪಷ್ಟವಾದೀತು.

ಭಾಷಾಂತರಕಾರ ಮತ್ತು ದುಭಾಷಿ

ಚಿಪ್ಪಿಗೆ ಅರ್ಥವಾಗುವ ಭಾಷೆ ಒಂದೇ. ಅದು ಸೊನ್ನೆ ಮತ್ತು ಒಂದುಗಳಿಂದಾದ ಯಂತ್ರಭಾಷೆ. ಊನೋ ಹಲಗೆಯ ಮೇಲೆಯೇ ಒಂದು ಪುಟ್ಟ ದೀಪವಿದೆ. ಅದನ್ನು ಹೊತ್ತಿಸಬೇಕಾದರೆ ಚಿಪ್ಪಿಗೆ ತಲುಪಬೇಕಾದ ಆಜ್ಞೆ ಹೀಗಿರುತ್ತದೆ: 1001 1010 0010 1101. ಇಂಥ ಸಾಲುಗಳನ್ನು ಮನುಷ್ಯನು ನೂರಾರು ಬರೆಯುವುದು ಅಸಾಧ್ಯವಲ್ಲದಿದ್ದರೂ ಅಸಹನೀಯ. ಪ್ರತಿಯೊಂದು ಯಂತ್ರಾಜ್ಞೆಗೂ ನೆನಪಿಡಬಹುದಾದ ಒಂದು ಸಂಕ್ಷೇಪನಾಮವನ್ನು ಕೊಟ್ಟರೆ ಅದು ಅಸೆಂಬ್ಲಿ ಭಾಷೆಯಾಯಿತು. ಇಂಟೆಲ್ ಸಂಸ್ಥೆಯು 1980ರಲ್ಲಿ ಹೊರತಂದ 8051 ಎಂಬ ಚಿಪ್ಪಿನ ಅಸೆಂಬ್ಲಿಯನ್ನು ನಮ್ಮ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ದೀರ್ಘಕಾಲ ಪಾಠ ಹೇಳುತ್ತ ಬಂದಿದ್ದಾರೆ. ಆ ಚಿಪ್ಪಿನ ತಾತ್ಕಾಲಿಕ ಸ್ಮೃತಿ ಕೇವಲ 128 ಬೈಟುಗಳಾದುದರಿಂದ ಅಲ್ಲಿ ಅಸೆಂಬ್ಲಿಯ ಮಿತವ್ಯಯಕ್ಕೆ ಅರ್ಥವಿತ್ತು.

ಮನುಷ್ಯನ ಮಾತಿಗೆ ಇನ್ನಷ್ಟು ಹತ್ತಿರವಾದ ಭಾಷೆಗಳಲ್ಲಿ ಬರೆದುದನ್ನು ಯಂತ್ರಭಾಷೆಗೆ ತಿರುಗಿಸಲು ಎರಡು ದಾರಿಗಳುಂಟು. ಪರಭಾಷೆಯ ಗ್ರಂಥವೊಂದನ್ನು ಓದಬೇಕೆಂದಿಟ್ಟುಕೊಳ್ಳಿ. ಭಾಷಾಂತರಕಾರನೊಬ್ಬನು ಇಡೀ ಗ್ರಂಥವನ್ನು ತನ್ನ ಮನೆಯಲ್ಲಿ ಕುಳಿತು ಕನ್ನಡಿಸಿ, ಅಚ್ಚಾದ ಪುಸ್ತಕವನ್ನು ನಿಮ್ಮ ಕೈಗೆ ಕೊಡಬಹುದು. ಆಮೇಲೆ ಅವನ ಅಗತ್ಯವಿಲ್ಲ. ಇಲ್ಲವೆ ದುಭಾಷಿಯೊಬ್ಬನು ನಿಮ್ಮ ಮಗ್ಗುಲಲ್ಲೇ ಕುಳಿತು ಒಂದೊಂದೇ ವಾಕ್ಯವನ್ನು ಓದಿ ಅರ್ಥ ಹೇಳಬಹುದು. ಓದು ಮುಗಿಯುವವರೆಗೂ ಅವನಿಗೆ ನಿಮ್ಮ ಮನೆಯಲ್ಲಿ ಊಟ, ವಸತಿ ಆಗಬೇಕು.

ಸಿ ಭಾಷೆಯದು ಮೊದಲನೆಯ ದಾರಿ. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಡೆನಿಸ್ ರಿಚಿ 1970ರ ದಶಕದ ಆದಿಯಲ್ಲಿ ರೂಪಿಸಿದ ಭಾಷೆ ಇದು. ಆರ್ಡುಯಿನೋದಲ್ಲಿ ಬಳಸುವುದು ಇದರ ಸಂತತಿಯಾದ ಸಿ++ ಭಾಷೆಯನ್ನು. ಕಂಪೈಲರ್ ಎಂಬ ಭಾಷಾಂತರಕಾರನು ನಿಮ್ಮ ಮೇಜಿನ ಮೇಲಿನ ದೊಡ್ಡ ಗಣಕದಲ್ಲಿಯೇ ಕೆಲಸ ಮುಗಿಸಿ, ಸಿದ್ಧವಾದ ಯಂತ್ರಾಜ್ಞೆಗಳನ್ನು ಮಾತ್ರ ಚಿಪ್ಪಿಗೆ ಕಳುಹಿಸುತ್ತಾನೆ. ಚಿಪ್ಪಿನಲ್ಲಿ ಅವನಿಗೆ ಸ್ಥಳ ಬೇಡ.

ಮೈಕ್ರೋಪೈಥಾನಿನದು ಎರಡನೆಯ ದಾರಿ. ಡೇಮಿಯನ್ ಜಾರ್ಜ್ ಎಂಬ ಭೌತವಿಜ್ಞಾನಿ 2013ರಲ್ಲಿ ಸಾರ್ವಜನಿಕರಿಂದ ಹಣ ಕೂಡಿಸಿ ಇದನ್ನು ಸಿದ್ಧಪಡಿಸತೊಡಗಿದರು. ಪೈಥಾನ್ ಭಾಷೆಯ ದುಭಾಷಿಯನ್ನು ಕಿರುಗಣಕದೊಳಗೆ ಹಿಡಿಸುವಂತೆ ಇಳಿಸಿದುದೇ ಅವರ ಸಾಧನೆ. ಆದರೂ ಆ ದುಭಾಷಿಯ ವಸತಿಗೆ ಸುಮಾರು 256 ಕಿಲೋಬೈಟು ಕಾಯಂ ಸ್ಮೃತಿಯೂ 16 ಕಿಲೋಬೈಟು ತಾತ್ಕಾಲಿಕ ಸ್ಮೃತಿಯೂ ಬೇಕಾಗುತ್ತವೆ. ಪೀಕೋದ ವಿಶಾಲವಾದ ಮನೆಯಲ್ಲಿ ಅವನು ಸುಖವಾಗಿರಬಲ್ಲನು. ಊನೋದ ಕೋಣೆಯಲ್ಲಿಯಾದರೋ ಅವನಿಗೆ ಕಾಲು ಚಾಚಲೂ ಎಡೆಯಿಲ್ಲ. ಆದುದರಿಂದ ಭಾಷೆಯನ್ನು ಆರಿಸುವುದೂ ಹಲಗೆಯನ್ನು ಆರಿಸುವುದೂ ಒಂದೇ ನಿರ್ಧಾರದ ಎರಡು ಮುಖಗಳೆಂದು ತಿಳಿಯಬೇಕು. ಮೊದಲು ಹಲಗೆಯನ್ನು ಕೊಂಡು, ಆಮೇಲೆ ಅದರಲ್ಲಿ ನಡೆಯದ ಭಾಷೆಯ ಪುಸ್ತಕವನ್ನು ಕೊಳ್ಳುವವರ ಕಷ್ಟ ಇಲ್ಲಿಯೇ ಹುಟ್ಟುತ್ತದೆ.

ವೇಗದ ಬೆಲೆ

ಎರಡನೆಯ ಪ್ರಶ್ನೆ ವೇಗದ್ದು. ದುಭಾಷಿಯು ಪ್ರತಿ ಸಲವೂ ಅರ್ಥ ಮಾಡಿಕೊಂಡು ಹೇಳಬೇಕಾದುದರಿಂದ ಅವನ ಕೆಲಸ ನಿಧಾನ. ಅಮೆರಿಕದ ಪ್ಯಾರಲಾಕ್ಸ್ ಸಂಸ್ಥೆ 1992ರಲ್ಲಿ ಹೊರತಂದ ಬೇಸಿಕ್ ಸ್ಟ್ಯಾಂಪ್ ಎಂಬ ಪುಟ್ಟ ಹಲಗೆಯಲ್ಲಿ ಬೇಸಿಕ್ ಭಾಷೆಯ ದುಭಾಷಿಯಿದ್ದ; ಅದು ಸೆಕೆಂಡಿಗೆ ಸುಮಾರು 2,000 ಆಜ್ಞೆಗಳನ್ನಷ್ಟೇ ನಡೆಸುತ್ತಿತ್ತು. ಹಾಗಿದ್ದರೂ ಸಾವಿರಾರು ಹವ್ಯಾಸಿಗಳು ಅದರಿಂದಲೇ ಪಾಠ ಕಲಿತರು. ಏಕೆಂದರೆ ಬಾಗಿಲು ತೆರೆದರೆ ಗಂಟೆ ಬಾರಿಸುವ ಕೆಲಸಕ್ಕೆ ಅಷ್ಟು ವೇಗವೇ ಧಾರಾಳ.

ಇನ್ನೊಂದು ಕಡೆ, ಒಂದೇ ತಂತಿಯಲ್ಲಿ ಸರವಾಗಿ ಪೋಣಿಸಬಹುದಾದ ಡಬ್ಲ್ಯುಎಸ್2812 ಎಂಬ ಬಣ್ಣದ ದೀಪಗಳಿವೆ. ಅವುಗಳಿಗೆ ಕಳುಹಿಸುವ ಪ್ರತಿಯೊಂದು ಬಿಟ್ ಸಂಕೇತದ ಅವಧಿ 1.25 ಮೈಕ್ರೋಸೆಕೆಂಡು, ಎಂದರೆ ಸೆಕೆಂಡಿನ ಎಂಟು ಲಕ್ಷದ ಒಂದು ಪಾಲು. ಸೆಕೆಂಡಿಗೆ 1 ಕೋಟಿ 60 ಲಕ್ಷ ಸಲ ಮಿಡಿಯುವ ಊನೋ ಚಿಪ್ಪಿಗೆ ಈ ಅವಧಿಯಲ್ಲಿ ದೊರೆಯುವುದು ಕೇವಲ 20 ಮಿಡಿತಗಳು. ಇಂಥ ಕಡೆ ದುಭಾಷಿಗೆ ಉಸಿರೆಳೆಯಲೂ ಸಮಯವಿಲ್ಲ; ಆ ಭಾಗವನ್ನು ಸಿ ಅಥವಾ ಅಸೆಂಬ್ಲಿಯಲ್ಲಿಯೇ ಬರೆಯಬೇಕು. ಆದರೆ ಹೊಸಬನು ಇದಕ್ಕಾಗಿ ಎದೆಗುಂದಬೇಕಾಗಿಲ್ಲ. ಬಲ್ಲವರು ಬರೆದಿಟ್ಟ ಇಂಥ ಭಾಗಗಳು ಮೈಕ್ರೋಪೈಥಾನಿನಲ್ಲಿ ಸಿದ್ಧವಾಗಿಯೇ ದೊರೆಯುತ್ತವೆ.

ಸೌಕರ್ಯಕ್ಕೆ ಬೆಲೆ ತೆರುವುದು ದುಭಾಷಿಯ ಭಾಷೆಗಳಲ್ಲಿ ಮಾತ್ರವೆಂದು ಭಾವಿಸಕೂಡದು. ಮೇಲೆ ಹೇಳಿದ ದೀಪವನ್ನು ಒಂದೇ ಯಂತ್ರಾಜ್ಞೆಯಿಂದ ಹೊತ್ತಿಸಿದರೆ ಊನೋದಲ್ಲಿ ಮೈಕ್ರೋಸೆಕೆಂಡಿನ ಎಂಟನೆಯ ಒಂದು ಪಾಲು ಸಾಕು. ಆರ್ಡುಯಿನೋದವರು ಹೊಸಬರ ಅನುಕೂಲಕ್ಕಾಗಿ ಒದಗಿಸಿರುವ ‘ಡಿಜಿಟಲ್‌ರೈಟ್’ ಎಂಬ ಸುಲಭವಾದ ಆಜ್ಞೆಯಿಂದ ಹೊತ್ತಿಸಿದರೆ ಮೂರು ನಾಲ್ಕು ಮೈಕ್ರೋಸೆಕೆಂಡು ಹಿಡಿಯುತ್ತದೆ. ದೀಪವನ್ನು ನೋಡುವ ಕಣ್ಣಿಗೆ ಈ ವ್ಯತ್ಯಾಸ ಕಾಣುವುದೆ? ಇಲ್ಲವಷ್ಟೆ. ಆದಕಾರಣ ವೇಗವನ್ನು ಕೆಲಸದ ಅಗತ್ಯದಿಂದ ಅಳೆಯಬೇಕೇ ಹೊರತು ಹೆಮ್ಮೆಯಿಂದಲ್ಲ.

ನಿಲ್ಲದ ಪಂಪು

ಇನ್ನು ಮೂರನೆಯ ಪ್ರಶ್ನೆ. ಇದನ್ನು ಒಂದು ಉದಾಹರಣೆಯಿಂದ ವಿಚಾರಿಸೋಣ. ಹೊಸಬರು ಇಷ್ಟಪಟ್ಟು ಕೈಹಾಕುವ ಪ್ರಯೋಗಗಳಲ್ಲಿ ಮಲ್ಲಿಗೆಯ ಕುಂಡಕ್ಕೆ ತಾನಾಗಿ ನೀರುಣಿಸುವ ಸಾಧನವೂ ಒಂದು. ಮಣ್ಣಿನಲ್ಲಿ ಊರಿದ ತೇವಮಾಪಕವು ಮಣ್ಣು ಒಣಗಿದೆಯೆಂದು ತಿಳಿಸಿದರೆ, ಕಿರುಗಣಕವು ಚಿಕ್ಕದೊಂದು ಪಂಪನ್ನು 40 ಸೆಕೆಂಡು ನಡೆಸಿ ನಿಲ್ಲಿಸಬೇಕು. ಕಿರುಗಣಕದ ಕಾಲುಗಳಿಂದ ಹೊರಡುವ ವಿದ್ಯುತ್ತು ಅತ್ಯಲ್ಪವಾದುದರಿಂದ ಪಂಪನ್ನು ನೇರವಾಗಿ ಜೋಡಿಸದೆ, ಟ್ರಾನ್ಸಿಸ್ಟರಿನ ಮೂಲಕ ಜೋಡಿಸಬೇಕು. ಇಷ್ಟು ಸರಳವಾದ ಕೆಲಸ.

ಊನೋದಲ್ಲಿ ಕಾಲವನ್ನು ಮಿಲಿಸೆಕೆಂಡುಗಳಲ್ಲಿ ಹೇಳುವುದು ರೂಢಿ. ಒಬ್ಬ ಹೊಸಬನು, 40 ಸೆಕೆಂಡನ್ನು ಸಾವಿರದಿಂದ ಗುಣಿಸಿ ಅಷ್ಟು ಹೊತ್ತು ಕಾದು ನಿಲ್ಲಿಸು ಎಂದು ಬರೆಯುತ್ತಾನೆ. ಪ್ರಾಥಮಿಕ ಶಾಲೆಯ ಲೆಕ್ಕದಂತೆ ಉತ್ತರ 40,000. ಆದರೆ ಈ ಚಿಪ್ಪಿನ ಸಿ++ ಭಾಷೆಯಲ್ಲಿ ಸಾಮಾನ್ಯ ಪೂರ್ಣಾಂಕಕ್ಕೆ ಮೀಸಲಾದ ಸ್ಥಳ 16 ಬಿಟ್‌ಗಳು ಮಾತ್ರ. ಅದರಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ 32,767. ಮಿತಿಯನ್ನು ದಾಟಿದ ಗುಣಲಬ್ಧವು ಹಳೆಯ ಕಾರುಗಳ ಮೈಲಿಮಾಪಕದಂತೆ ಸುತ್ತು ತಿರುಗಿ ಋಣ 25,536 ಆಗಿಬಿಡುತ್ತದೆ. ಕಾಯುವ ಆಜ್ಞೆಗೋ ಋಣಸಂಖ್ಯೆಯ ಅರಿವೇ ಇಲ್ಲ. ಅದು ತನ್ನ 32 ಬಿಟ್‌ಗಳ ಲೆಕ್ಕದಲ್ಲಿ ಇದನ್ನು 429 ಕೋಟಿ 49 ಲಕ್ಷ 41 ಸಾವಿರದ 760 ಮಿಲಿಸೆಕೆಂಡುಗಳೆಂದು ಅರ್ಥಮಾಡಿಕೊಳ್ಳುತ್ತದೆ. ಅದು ಎಷ್ಟು ಕಾಲ? 49 ದಿನ 17 ಗಂಟೆ! ಮನೆಯವರು ಊರಿಗೆ ಹೋದ ಸಮಯದಲ್ಲಿ ಮಣ್ಣು ಒಣಗಿತೆಂದರೆ ಪಂಪು ತೊಟ್ಟಿಯ ನೀರನ್ನೆಲ್ಲ ಹೊರಚೆಲ್ಲಿ, ಕೊನೆಗೆ ಬರಿದಾಗಿ ತಿರುಗಿ ಸುಟ್ಟುಹೋಗಬಹುದು. ಯಂತ್ರದಲ್ಲಿ ದೋಷವಿಲ್ಲ, ತಂತಿಯಲ್ಲಿ ದೋಷವಿಲ್ಲ. ಪ್ರೋಗ್ರಾಂ ನೋಡಿದರೆ ಅದೂ ಸರಿಯಾಗಿಯೇ ಕಾಣುತ್ತದೆ.

ಇದೇ ವಾಕ್ಯವನ್ನು ಪೀಕೋ ಹಲಗೆಯಲ್ಲಿ ಮೈಕ್ರೋಪೈಥಾನಿನಿಂದ ಬರೆದಿದ್ದರೆ ಈ ಅನಾಹುತವಿರಲಿಲ್ಲ. ಅಲ್ಲಿ ಸಂಖ್ಯೆ ದೊಡ್ಡದಾದಂತೆ ಅದರ ಸ್ಥಳವೂ ತಾನಾಗಿ ಹಿಗ್ಗುತ್ತದೆ. ಇಷ್ಟೇಕೆ, 2023ರಲ್ಲಿ ಬಂದ ಊನೋದ ನಾಲ್ಕನೆಯ ಆವೃತ್ತಿಯಲ್ಲಿ ಚಿಪ್ಪೇ ಬೇರೆಯಾಗಿ, ಪೂರ್ಣಾಂಕಕ್ಕೆ 32 ಬಿಟ್‌ಗಳ ಸ್ಥಳವಿರುವುದರಿಂದ ಅಲ್ಲಿಯೂ ಪಂಪು 40 ಸೆಕೆಂಡಿಗೇ ನಿಲ್ಲುತ್ತದೆ. ಒಂದೇ ಹೆಸರಿನ ಎರಡು ಹಲಗೆಗಳಲ್ಲಿ ಒಂದೇ ವಾಕ್ಯಕ್ಕೆ ಎರಡು ಅರ್ಥ!

ಹಾಗಾದರೆ ಮೈಕ್ರೋಪೈಥಾನೇ ಮೇಲೆಂದು ತೀರ್ಮಾನಿಸಬಹುದೆ? ಅವಸರ ಬೇಡ. ಅದೇ ಸಾಧನದಲ್ಲಿ ಪಂಪನ್ನು ನಿಲ್ಲಿಸುವ ಸಾಲನ್ನು ಬರೆಯುವಾಗ ಪಂಪಿನ ಹೆಸರಿನ ಒಂದಕ್ಷರ ತಪ್ಪಿತೆಂದು ಊಹಿಸಿ. ಸಿ++ ಭಾಷೆಯ ಕಂಪೈಲರು ಇಡೀ ಗ್ರಂಥವನ್ನು ಮೊದಲೇ ಓದುವುದರಿಂದ, ಇಂಥ ಹೆಸರು ನನಗೆ ತಿಳಿಯದೆಂದು ಅಲ್ಲಿಯೇ ತಡೆಯುತ್ತದೆ. ತಪ್ಪು ಚಿಪ್ಪನ್ನು ಮುಟ್ಟುವುದೇ ಇಲ್ಲ. ದುಭಾಷಿಯು ಆ ಸಾಲನ್ನು ತಲುಪುವವರೆಗೂ ಅದರ ತಪ್ಪನ್ನು ಅರಿಯನು. ಮಳೆಗಾಲದಲ್ಲಿ ಮಣ್ಣು ಒದ್ದೆಯಾಗಿರುವಷ್ಟು ದಿನ ಆ ಸಾಲಿನ ಸರದಿಯೇ ಬರುವುದಿಲ್ಲ. ಸಾಧನವು ಸರಿಯಾಗಿದೆಯೆಂದೇ ಎಲ್ಲರ ನಂಬಿಕೆ. ಬೇಸಿಗೆಯ ಒಂದು ಮಧ್ಯಾಹ್ನ ಮಣ್ಣು ಒಣಗುತ್ತದೆ, ಪಂಪು ಹೊರಡುತ್ತದೆ, 40 ಸೆಕೆಂಡು ಕಳೆಯುತ್ತದೆ. ನಿಲ್ಲಿಸುವ ಸಾಲಿಗೆ ಬಂದ ದುಭಾಷಿಯು ಗೊತ್ತಿಲ್ಲದ ಹೆಸರನ್ನು ಕಂಡು ಕೆಲಸವನ್ನು ಅಲ್ಲಿಗೇ ಬಿಟ್ಟುಬಿಡುತ್ತಾನೆ. ಪಂಪಿಗೆ ಕೊಟ್ಟ ಆಜ್ಞೆ ಮಾತ್ರ ಹಾಗೆಯೇ ಉಳಿದಿರುತ್ತದೆ. ಮತ್ತೆ ಪಂಪು ನಿಲ್ಲುವುದಿಲ್ಲ.

ಎರಡು ಭಾಷೆಗಳು, ಎರಡು ಬೇರೆ ಬೇರೆ ತಪ್ಪುಗಳು, ಫಲ ಒಂದೇ. ಪ್ರತಿಯೊಂದು ಭಾಷೆಯೂ ಕೆಲವು ತಪ್ಪುಗಳನ್ನು ಬೇಗನೆ ತೋರಿಸಿ, ಇನ್ನು ಕೆಲವನ್ನು ಸೆರಗಿನಲ್ಲಿ ಬಚ್ಚಿಟ್ಟುಕೊಳ್ಳುತ್ತದೆ. ಬಚ್ಚಿಟ್ಟುದನ್ನು ಹೊರಗೆಳೆಯುವುದು ಉಪಕರಣಗಳ ಕೆಲಸ.

ಉಪಕರಣಗಳ ವಿಚಾರ

ಉಪಕರಣಗಳೆಂದರೆ ಪ್ರೋಗ್ರಾಮನ್ನು ಬರೆಯಲು, ಪರಿವರ್ತಿಸಲು, ಚಿಪ್ಪಿಗೆ ಸಾಗಿಸಲು, ಅದರ ನಡತೆಯನ್ನು ಪರೀಕ್ಷಿಸಲು ಬೇಕಾದ ಸಲಕರಣೆಗಳು. ಆರ್ಡುಯಿನೋದವರ ಬರಹದ ಕಿಟಕಿಯಲ್ಲಿ ಇವೆಲ್ಲವೂ ಒಂದೆಡೆ ಸೇರಿರುವುದು ದೊಡ್ಡ ಅನುಕೂಲ. ಆದರೆ ಅದರಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಮೇಲಿನ ಗುಣಾಕಾರದ ತಪ್ಪನ್ನು ಕಂಪೈಲರು ಗುರುತಿಸಬಲ್ಲದು. ಸಂಖ್ಯೆ ಮಿತಿಮೀರಿತೆಂದು ಎಚ್ಚರಿಕೆಯನ್ನೂ ಕೊಡಬಲ್ಲದು. ಆದರೆ ಊನೋದ ಮಟ್ಟಿಗೆ, ಮೊದಲು ಸ್ಥಾಪಿಸಿದ ಸ್ಥಿತಿಯಲ್ಲಿ ಈ ಎಚ್ಚರಿಕೆಗಳನ್ನು ಮರೆಮಾಡಿರುತ್ತಾರೆ. ಆಯ್ಕೆಗಳ ಪುಟವನ್ನು ತೆರೆದು ಎಲ್ಲ ಎಚ್ಚರಿಕೆಗಳನ್ನೂ ತೋರಿಸುವಂತೆ ಬದಲಿಸುವುದು ಹೊಸಬನು ಮೊದಲ ದಿನವೇ ಮಾಡತಕ್ಕ ಕೆಲಸ. ತಿದ್ದುಪಡಿಯೂ ಸುಲಭ: ಸಾವಿರದ ಮುಂದೆ ‘ಯುಎಲ್’ ಎಂಬೆರಡು ಇಂಗ್ಲಿಷ್ ಅಕ್ಷರಗಳನ್ನು ಸೇರಿಸಿದರೆ ಗುಣಾಕಾರವು 32 ಬಿಟ್‌ಗಳಲ್ಲಿ ನಡೆದು ಲೆಕ್ಕ ಸರಿಹೋಗುತ್ತದೆ.

ಮೈಕ್ರೋಪೈಥಾನಿಗೆ ಎಸ್ಟೋನಿಯ ದೇಶದ ತಾರ್ತು ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಥಾನಿ ಎಂಬ ಬರಹದ ಉಪಕರಣ ಹೊಂದಿಕೆಯಾಗುತ್ತದೆ. ಅದರ ಕೆಳಗಿನ ಪಟ್ಟಿಯಲ್ಲಿ ಒಂದೊಂದೇ ಆಜ್ಞೆಯನ್ನು ಬರೆದು ಹಲಗೆಯ ಉತ್ತರವನ್ನು ಆಗಿಂದಾಗಲೇ ಪಡೆಯಬಹುದು. ದೀಪ ಹೊತ್ತು ಎಂದರೆ ಹೊತ್ತುತ್ತದೆ. ತೇವವೆಷ್ಟು ಎಂದರೆ ಅಂಕಿ ಬರುತ್ತದೆ. ಪೂರ್ಣ ಪ್ರೋಗ್ರಾಮನ್ನು ಬರೆಯುವ ಮುನ್ನವೇ ತಂತಿ, ಮಾಪಕ, ಪಂಪು ಇವುಗಳನ್ನು ಪ್ರತ್ಯೇಕವಾಗಿ ಪರೀಕ್ಷಿಸಲು ಸಾಧ್ಯವಾಗುವುದರಿಂದ, ದೋಷವು ತಂತಿಯಲ್ಲಿದೆಯೋ ಬರಹದಲ್ಲಿದೆಯೋ ಎಂಬ ಹೊಸಬನ ದೊಡ್ಡ ಸಂಶಯ ಬೇಗ ಪರಿಹಾರವಾಗುತ್ತದೆ. ಈ ಸಂಭಾಷಣೆಯ ಗುಣವೇ ಮೈಕ್ರೋಪೈಥಾನಿನ ನಿಜವಾದ ಬಲ.

ಇನ್ನು ಭಾಷೆ ಯಾವುದಾದರೂ ಬಿಡಬಾರದ ಅಭ್ಯಾಸಗಳು ಕೆಲವುಂಟು. ಪ್ರೋಗ್ರಾಮಿನ ಪ್ರತಿಯೊಂದು ಕವಲನ್ನೂ ಒಮ್ಮೆಯಾದರೂ ಬೇಕೆಂದೇ ನಡೆಸಿ ನೋಡಬೇಕು. ಮಳೆಗಾಲದಲ್ಲಾದರೆ ಮಾಪಕವನ್ನು ಮಣ್ಣಿನಿಂದ ಕಿತ್ತು ಒರಸಿ ಹಿಡಿದರಾಯಿತು, ಬೇಸಿಗೆ ಬಂದಂತೆಯೇ. ಚಿಪ್ಪಿನೊಳಗೆ ಕಾವಲುಗಡಿಯಾರವೊಂದಿದೆ, ಪ್ರೋಗ್ರಾಂ ನಿಂತುಹೋಗಿ ಗೊತ್ತಾದ ಅವಧಿಯೊಳಗೆ ಅದನ್ನು ಮುಟ್ಟದಿದ್ದರೆ ಅದು ಚಿಪ್ಪನ್ನು ಮತ್ತೆ ಮೊದಲಿನಿಂದ ಹೊರಡಿಸುತ್ತದೆ. ಅದನ್ನು ಬಳಸಲು ಕಲಿಯಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಬರಹ ತಪ್ಪಿದರೂ ನಷ್ಟ ಮಿತವಾಗಿರುವಂತೆ ಸಾಧನವನ್ನು ಜೋಡಿಸಬೇಕು. ಪಂಪನ್ನು ಮನೆಯ ತೊಟ್ಟಿಗೆ ಜೋಡಿಸುವ ಬದಲು ಒಂದು ಬಕೆಟ್ಟಿನಲ್ಲಿ ಇಟ್ಟರೆ ಪೋಲಾಗುವುದು ಒಂದೇ ಬಕೆಟ್ಟು ನೀರು. ಹಲಗೆಯನ್ನು ಗಣಕ ಗುರುತಿಸದೆ ಹೋದಾಗ ಭಾಷೆಯನ್ನು ದೂರುವ ಮೊದಲು ತಂತಿಯನ್ನು ಬದಲಿಸಿ ನೋಡುವುದು ಒಳ್ಳೆಯದು. ಮೊಬೈಲ್ ಫೋನಿನ ಕೆಲವು ತಂತಿಗಳು ವಿದ್ಯುತ್ತನ್ನು ಸಾಗಿಸುತ್ತವೆಯೇ ಹೊರತು ಸಂಕೇತಗಳನ್ನು ಸಾಗಿಸುವುದಿಲ್ಲ.

ಯಾರಿಗೆ ಯಾವುದು?

ಹತ್ತು ಹನ್ನೆರಡು ವರ್ಷದ ಮಕ್ಕಳಿಗೆ ಮೈಕ್ರೋಬಿಟ್ ಹಲಗೆ ಸೂಕ್ತ. ಬ್ರಿಟನ್ನಿನ ಬಿ.ಬಿ.ಸಿ. ಸಂಸ್ಥೆಯು ಇತರರೊಡಗೂಡಿ ಇದನ್ನು ಸಿದ್ಧಪಡಿಸಿ, 2016ರಲ್ಲಿ ಆ ದೇಶದ ಶಾಲಾಮಕ್ಕಳಿಗೆ ಉಚಿತವಾಗಿ ಹಂಚಿಸಿತು. ಮೇಕ್‌ಕೋಡ್ ಎಂಬ ಉಪಕರಣದಲ್ಲಿ ಆಜ್ಞೆಗಳು ಬಣ್ಣದ ಬಿಲ್ಲೆಗಳಾಗಿರುತ್ತವೆ. ಅವನ್ನು ಒಂದಕ್ಕೊಂದು ಜೋಡಿಸಿದರೆ ಪ್ರೋಗ್ರಾಂ ಆಯಿತು. ಅಕ್ಷರ ತಪ್ಪುವ ಭಯವೇ ಇಲ್ಲದುದರಿಂದ ಮಗುವಿನ ಗಮನವೆಲ್ಲ ವಿಚಾರದ ಕ್ರಮದ ಮೇಲೆ ನೆಲಸುತ್ತದೆ.

ತೋಟ, ಮನೆ, ಶಾಲೆಯ ಪ್ರಯೋಗಾಲಯ ಇವುಗಳಿಗೆ ಬೇಗನೆ ಒಂದು ಸಾಧನವನ್ನು ಮಾಡಿಕೊಳ್ಳಬೇಕೆನ್ನುವ ದೊಡ್ಡವರಿಗೆ ಪೀಕೋ ಹಲಗೆಯೂ ಮೈಕ್ರೋಪೈಥಾನೂ ಒಳ್ಳೆಯ ಜೊತೆ. ವೈ-ಫೈ ಸಂಪರ್ಕ ಬೇಕಾದವರು ಇಎಸ್‌ಪಿ32 ಚಿಪ್ಪಿನ ಹಲಗೆಯನ್ನು ಇದೇ ಭಾಷೆಯಲ್ಲಿ ನಡೆಸಬಹುದು. ಮುಂದೆ ಈ ವಿದ್ಯೆಯನ್ನೇ ವೃತ್ತಿಯಾಗಿಸಿಕೊಳ್ಳಬೇಕೆಂಬ ವಿದ್ಯಾರ್ಥಿಗೆ ಊನೋ ಮತ್ತು ಸಿ++ ಉತ್ತಮ ಗರಡಿ. 2 ಕಿಲೋಬೈಟಿನ ಇಕ್ಕಟ್ಟಿನಲ್ಲಿ ಬದುಕಲು ಕಲಿತವನು ಎಲ್ಲಿ ಬೇಕಾದರೂ ಬದುಕಬಲ್ಲನು. ಅಸೆಂಬ್ಲಿಯನ್ನು ಅವನು ಆಮೇಲೆ ಕಲಿಯಲಿ. ತನ್ನ ಸಿ++ ವಾಕ್ಯವು ಯಾವ ಯಂತ್ರಾಜ್ಞೆಗಳಾಗಿ ಪರಿಣಮಿಸಿತೆಂಬುದನ್ನು ಓದುವಷ್ಟು ಅಸೆಂಬ್ಲಿ ಬಂದರೆ ಅವನಿಗೆ ಬಹಳ ಪ್ರಯೋಜನ. ಅಸೆಂಬ್ಲಿಯಿಂದಲೇ ಪ್ರಾರಂಭಿಸುವುದು, ಅಕ್ಷರಾಭ್ಯಾಸಕ್ಕೆ ಮುಂಚೆ ವ್ಯಾಕರಣಸೂತ್ರಗಳನ್ನು ಬಾಯಿಪಾಠ ಮಾಡಿದಂತೆ.

ಯಾವುದನ್ನೇ ಆರಿಸಿದರೂ ಮೊದಲ ಒಂದು ವರ್ಷ ಒಂದು ಹಲಗೆ, ಒಂದು ಭಾಷೆ, ಒಂದು ಉಪಕರಣ ಇವುಗಳಿಗೇ ಅಂಟಿಕೊಂಡಿರುವುದು ಲೇಸು. ಕಾಯುವುದು, ಅಳೆಯುವುದು, ತೀರ್ಮಾನಿಸುವುದು, ನಡೆಸುವುದು, ನಿಲ್ಲಿಸುವುದು ಇವು ಎಲ್ಲ ಭಾಷೆಗಳಿಗೂ ಸಮಾನ. ಒಂದರಲ್ಲಿ ಚೆನ್ನಾಗಿ ಕಲಿತವನಿಗೆ ಇನ್ನೊಂದು ಕೆಲವೇ ವಾರಗಳ ಕೆಲಸ. ಭಾಷೆಯ ಆಯ್ಕೆಯಲ್ಲಿ ತಿಂಗಳುಗಳನ್ನು ಕಳೆಯುವುದಕ್ಕಿಂತ, ಆರಿಸಿಕೊಂಡ ಭಾಷೆ ಯಾವ ತಪ್ಪನ್ನು ಬಚ್ಚಿಡುತ್ತದೆಂದು ತಿಳಿದುಕೊಳ್ಳುವುದರಲ್ಲಿ ಒಂದು ದಿನವನ್ನು ಕಳೆದರೆ ಮಲ್ಲಿಗೆಯ ಕುಂಡಕ್ಕೂ ಕ್ಷೇಮ, ಪಂಪಿಗೂ ಕ್ಷೇಮ.